ಕಾಡೂ ಕಾಡಿನವರೂ

ಕಾಡು ಉಳಿಯಬೇಕೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಕಾಡನ್ನೇ ನಂಬಿ ಬಾಳುವವರ ಗತಿಯೇನೆಂದು ಕೇಳಿದೊಡನೆ ಭಿನ್ನಾಭಿಪ್ರಾಯಗಳು ತಲೆದೋರುತ್ತವೆ. ಅವರನ್ನು ಹೊರಗೆ ಕಳುಹಿಸಿ ಬೇಲಿ ಹಾಕಬೇಕೆಂದು ಕೆಲವರು. ಹೊಟ್ಟೆಪಾಡು ಮೊದಲು, ಮರ ಆಮೇಲೆಂದು ಮತ್ತೆ ಕೆಲವರು. ಇವೆರಡರ ನಡುವೆ ದಾರಿಯೊಂದುಂಟೆಂದು ನಾನು ನಂಬುತ್ತೇನೆ. ಬ್ರೆಜಿಲ್ ದೇಶದ ಆಕ್ರಿ ಪ್ರಾಂತದ ಅನುಭವವೇ ಇದಕ್ಕೆ ಆಧಾರ.

ಅಮೆಜಾನ್ ಮಳೆಕಾಡು ರಬ್ಬರ್ ಮರದ ತವರು. ಅಲ್ಲಿ ಈ ಮರಗಳನ್ನು ಒತ್ತಾಗಿ ನೆಟ್ಟರೆ ಎಲೆರೋಗ ತಗಲಿ ತೋಟವೇ ಹಾಳಾಗುತ್ತದೆ. ಇತರ ಮರಗಳ ನಡುವೆ ಚದುರಿ ಬೆಳೆದರೆ ಬಾಳುತ್ತವೆ. ಆದುದರಿಂದ ರಬ್ಬರ್ ಹಾಲು ತೆಗೆಯುವವನಿಗೆ ಕಾಡೇ ತೋಟ. ಕಾಡು ಅಳಿದರೆ ಅವನ ಕಸುಬೂ ಅಳಿದಂತೆ.

1970ರ ದಶಕದಲ್ಲಿ ದೊಡ್ಡ ಜಮೀನುದಾರರು ದನಗಳ ಹುಲ್ಲುಗಾವಲಿಗಾಗಿ ಈ ಕಾಡನ್ನು ಕಡಿದು ಸುಡತೊಡಗಿದರು. ರಬ್ಬರ್ ಕೆಲಸಗಾರರು ಹೆಂಡಿರು ಮಕ್ಕಳೊಡನೆ ಗರಗಸಗಳಿಗೆ ಅಡ್ಡ ನಿಂತರು. ಇವರ ಮುಂದಾಳುಗಳಲ್ಲೊಬ್ಬರು ಶಿಕೊ ಮೆಂಡಿಸ್. ಕಾಡನ್ನು ಕಡಿಯದೆ ಅದರ ಉತ್ಪನ್ನದಿಂದ ಬಾಳುವವರಿಗೆಂದೇ ಮೀಸಲು ಅರಣ್ಯಗಳಾಗಬೇಕೆಂದು 1985ರಲ್ಲಿ ಇವರೆಲ್ಲ ರಾಜಧಾನಿಯಲ್ಲಿ ಸಭೆ ಸೇರಿ ಕೇಳಿದರು. 1988ರ ಡಿಸೆಂಬರ್ 22ರಂದು ಮೆಂಡಿಸರ ಕೊಲೆಯಾಯಿತು. 1990ರಲ್ಲಿ ಅವರ ಹೆಸರಿನಲ್ಲಿಯೇ 9 ಲಕ್ಷ ಹೆಕ್ಟೇರಿಗೂ ಮಿಕ್ಕಿದ ಮೀಸಲು ಸ್ಥಾಪಿತವಾಯಿತು.

ಇದರ ವ್ಯವಸ್ಥೆ ಗಮನಾರ್ಹವಾದುದು. ನೆಲದ ಒಡೆತನ ಸರ್ಕಾರದ್ದು, ಬಳಕೆಯ ಹಕ್ಕು ನಿವಾಸಿಗಳದು. 2000ನೆಯ ಇಸವಿಯ ಕಾಯಿದೆಯಂತೆ ಆಡಳಿತ ಮಂಡಲಿಯಲ್ಲಿ ಅಧಿಕಾರಿಗಳೊಡನೆ ನಿವಾಸಿಗಳ ಪ್ರತಿನಿಧಿಗಳಿಗೂ ಸ್ಥಾನವಿದೆ.

ಆದರೆ ಇಷ್ಟರಿಂದಲೇ ಸಮಸ್ಯೆ ಬಗೆಹರಿಯಲಿಲ್ಲ. 1876ರಲ್ಲಿ ಅಮೆಜಾನಿನಿಂದ ಸಾಗಿಸಿದ ಬೀಜಗಳಿಂದ ಏಷ್ಯದ ತೋಟಗಳು ಬೆಳೆದವು; ನಮ್ಮ ಪುತ್ತೂರು, ಸುಳ್ಯಗಳ ರಬ್ಬರೂ ಅದೇ ಜಾತಿಯದು. ತೋಟದ ರಬ್ಬರಿನ ಮುಂದೆ ಕಾಡಿನ ರಬ್ಬರು ಬೆಲೆಯಲ್ಲಿ ನಿಲ್ಲಲಾರದು. ಆಕ್ರಿ ಸರ್ಕಾರವು 1999ರಲ್ಲಿ ಕಾನೂನು ಮಾಡಿ ಸಹಾಯಧನ ಕೊಟ್ಟಿತು. ಆದರೂ ಮೀಸಲಿನೊಳಗೇ ಅನೇಕ ಕುಟುಂಬಗಳು ದನಸಾಕಣೆಗೆ ತಿರುಗಿದವು, ಹುಲ್ಲುಗಾವಲು ಹಬ್ಬಿತು. ಮನೆಯಲ್ಲಿ ಕಾಯಿಲೆ ಬಿದ್ದಾಗ ದನ ಮಾರಿದರೆ ಕೂಡಲೇ ಕೈಗೆ ಹಣ ಬರುತ್ತದೆ. ಅವರನ್ನು ದೂರುವುದು ಹೇಗೆ?

ಹಕ್ಕು, ಆಡಳಿತದಲ್ಲಿ ಮಾತು, ಉತ್ಪನ್ನಕ್ಕೆ ಬೆಲೆ: ಈ ಮೂರೂ ಕೂಡಿದಲ್ಲದೆ ಕಾಡು ಉಳಿಯದೆಂಬುದೇ ಇದರ ಪಾಠ. ನಮ್ಮ 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನವರಿಗೆ ಹಕ್ಕನ್ನೂ ಗ್ರಾಮಸಭೆಗೆ ಮಾತನ್ನೂ ಕೊಟ್ಟಿದೆ. ಸಹ್ಯಾದ್ರಿಯ ಜೇನು, ಉಪ್ಪಾಗೆಗಳನ್ನು ತರುವವನಿಗೆ ನ್ಯಾಯವಾದ ಬೆಲೆ ಸಿಗುವಂತೆ ಮಾಡುವುದು ಕಾನೂನೊಂದರಿಂದಲೇ ಆಗುವ ಕೆಲಸವಲ್ಲ. ಅರ್ಥಶಾಸ್ತ್ರವನ್ನು ಓದುವ ನಾವು ವಿಚಾರ ಮಾಡಬೇಕಾದುದು ಇಲ್ಲಿಯೇ.