ಒಂದೇ ವರ್ಷ ಮುಂದಿರುವ ಮೇಷ್ಟ್ರು

ಪ್ರತಿವರ್ಷ ಆಗಸ್ಟ್‌ನ ಮೊದಲ ಬುಧವಾರ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ಹೊಸ ವೈದ್ಯರ ದಂಡೇ ಬಂದು ಸೇರುತ್ತದೆ. ಓದಿನಲ್ಲಿ ಅವರಿಗೆ ಕೊರತೆಯಿಲ್ಲ. ಆದರೆ ನಡುರಾತ್ರಿ ನರ್ಸ್ ಕರೆದಾಗ ಮೊದಲು ಏನು ಮಾಡಬೇಕೆಂದು ತಿಳಿಯದೆ ಕೈಕಾಲು ಆಡುವುದಿಲ್ಲ. ಅದಕ್ಕೆಂದೇ ಅಲ್ಲಿನ ಹಲವು ಆಸ್ಪತ್ರೆಗಳು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಸಿಮ್ಯುಲೇಷನ್ ಪಾಠ ಏರ್ಪಡಿಸುತ್ತವೆ. ಹೇಳಿಕೊಡುವವರು ಪ್ರೊಫೆಸರರಲ್ಲ, ಒಂದೆರಡು ವರ್ಷ ಮುಂದಿರುವ ಕಿರಿಯ ವೈದ್ಯರು. ಮಂಚದ ಮೇಲೆ ಎದೆ ಏರಿಳಿಯುವ ಗೊಂಬೆ. ಮಾನಿಟರ್‌ನಲ್ಲಿ ಆಕ್ಸಿಜನ್ 88ಕ್ಕೆ ಇಳಿದಿದೆ. ಗಾಜಿನಾಚೆ ಮೈಕ್ ಹಿಡಿದ ವೈದ್ಯೆ ರೋಗಿಯ ದನಿಯಲ್ಲಿ ಏದುಸಿರು ಬಿಡುತ್ತಾಳೆ. ವಿದ್ಯಾರ್ಥಿ ಮಾಸ್ಕ್ ಹಾಕುತ್ತಾನೆ, ನಾಡಿ ನೋಡುತ್ತಾನೆ, ಆಮೇಲೆ ಹಿರಿಯರಿಗೆ ಫೋನ್ ಮಾಡಿ ರೋಗಿಯ ಹಳೆಯ ಸಕ್ಕರೆ ಕಾಯಿಲೆಯಿಂದ ಕಥೆ ಶುರು ಮಾಡುತ್ತಾನೆ. ತುರ್ತು ಏನೆಂಬುದು ಮಾತ್ರ ಬಾಯಿಗೆ ಬರುವುದಿಲ್ಲ.

ನಿಜವಾದ ಪಾಠ ಆಮೇಲಿನ ಚರ್ಚೆಯಲ್ಲಿದೆ. ಇಪ್ಪತ್ತು ವರ್ಷ ಅನುಭವವಿರುವ ತಜ್ಞನಿಗೆ ಆ ತಡವರಿಕೆ ಬರೀ ತಪ್ಪಾಗಿ ಕಾಣುತ್ತದೆ. ಹೋದ ವರ್ಷ ತಾನೇ ತಡವರಿಸಿದವಳಿಗೆ ಅದರ ಕಾರಣ ಗೊತ್ತು. ಅವಳ ಮುಂದೆ ‘ಗೊತ್ತಾಗಲಿಲ್ಲ’ ಎನ್ನಲು ವಿದ್ಯಾರ್ಥಿಗೂ ನಾಚಿಕೆಯಿಲ್ಲ. ಸ್ವಲ್ಪವೇ ಮುಂದಿರುವವರಿಂದ ಕಲಿಸುವ ಈ ಉಪಾಯವೇನೂ ಹೊಸದಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ವರದಿಯಲ್ಲಿ, ಇಲ್ಲಿನ ಶಾಲೆಗಳಲ್ಲಿ ಮುಂದಿರುವ ಮಕ್ಕಳೇ ಹಿಂದಿರುವವರಿಗೆ ಕಲಿಸಿ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವುದನ್ನು ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದಿದ್ದ.

ಅರೆಬರೆ ತಿಳಿದವರು ತಪ್ಪನ್ನೇ ಕಲಿಸಿದರೆ? ಈ ಅಂಜಿಕೆ ಸುಳ್ಳಲ್ಲ. ಆದರೆ ಇಲ್ಲಿ ಕಲಿಸುವುದು ಅಪರೂಪದ ಕಾಯಿಲೆಯ ಪತ್ತೆಯನ್ನಲ್ಲ, ಮೊದಲ ಹತ್ತು ನಿಮಿಷದ ಕ್ರಮವನ್ನು. ಸನ್ನಿವೇಶವನ್ನು ಹಿರಿಯರು ಮೊದಲೇ ತಿದ್ದಿಕೊಟ್ಟು, ಚರ್ಚೆ ನಡೆಸುವ ರೀತಿಯನ್ನೂ ಹೇಳಿಕೊಟ್ಟರೆ ಅಪಾಯ ತಗ್ಗುತ್ತದೆ. ಹಿರಿಯರ ಪಾಠಕ್ಕೆ ಇದು ಅಗ್ಗದ ಬದಲಿ ಆಗಕೂಡದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಂಥ ಪಾಠಗಳ ಬಗೆಗಿನ ಅಧ್ಯಯನಗಳು ಬಹುಪಾಲು ಅಳೆದಿರುವುದೂ ವಿದ್ಯಾರ್ಥಿಗಳ ಧೈರ್ಯ, ತೃಪ್ತಿಗಳನ್ನೇ. ಅಷ್ಟರಿಂದ ರೋಗಿಗೆ ಒಳಿತಾಯಿತೆಂದು ಹೇಳಲಾಗದು. ಹಾಗಿದ್ದೂ ಜೀವಂತ ರೋಗಿಯ ಮೇಲೆ ಮೊದಲ ಸಲ ತಡವರಿಸುವುದಕ್ಕಿಂತ ಗೊಂಬೆಯ ಮೇಲೆ ತಡವರಿಸುವುದು ಮೇಲು.

2019ರ ಪಠ್ಯಕ್ರಮದಿಂದೀಚೆಗೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲೂ ಸ್ಕಿಲ್ಸ್ ಲ್ಯಾಬ್ ಕಡ್ಡಾಯ. ಗೊಂಬೆ ಕೊಂಡರೆ ಸಾಲದು, ಹೌಸ್ ಸರ್ಜನ್‌ಗಳ ಡ್ಯೂಟಿ ಪಟ್ಟಿಯಲ್ಲೇ ಜೂನಿಯರ್‌ಗಳಿಗೆ ಕಲಿಸಲು ವಾರಕ್ಕೊಂದು ಮಧ್ಯಾಹ್ನವನ್ನು ಕಾಲೇಜುಗಳು ಬಿಟ್ಟುಕೊಡಬೇಕು.