ಹೆಸರಿಲ್ಲದ ಸಮಾಧಿಗೆ ಹೆಸರು

ನಮ್ಮ ನಾಡಿನ ಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೋ ಹಳೆಯ ಗುಡಿಯ ಅಂಗಳದಲ್ಲೋ ನಿಂತಿರುವ ವೀರಗಲ್ಲುಗಳನ್ನು ನೋಡದ ವಿದ್ಯಾರ್ಥಿಗಳು ವಿರಳ. ತುರುಗೊಳ್‌ನಲ್ಲಿ ಹಸುಗಳನ್ನು ಮರಳಿಸಲು ಹೋಗಿ ಮಡಿದವನನ್ನು, ಊರಳಿವಿನಲ್ಲಿ ಕಾದಿ ಬಿದ್ದವನನ್ನು ಆ ಕಲ್ಲುಗಳು ನೆನಪಿನಲ್ಲಿ ಇರಿಸಿವೆ. ಅವುಗಳಲ್ಲಿ ಕೆಲವು ವೀರನ ಹೆಸರನ್ನೂ, ಅವನ ತಂದೆಯ ಹೆಸರನ್ನೂ, ಅವನು ಯಾರಿಗಾಗಿ ಹೋರಾಡಿದನೆಂಬುದನ್ನೂ ಅಕ್ಷರಗಳಲ್ಲಿ ತಿಳಿಸುತ್ತವೆ. ಬರಹವಿಲ್ಲದ ಕಲ್ಲುಗಳೂ ಅನೇಕವಾಗಿವೆ. ಅಂಥ ಕಲ್ಲಿನ ಮುಂದೆ ನಿಂತಾಗ ‘ಇವನು ಯಾರಿದ್ದಿರಬಹುದು?’ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ತಾನಾಗಿಯೇ ಮೂಡುತ್ತದೆ.

ಇದೇ ಪ್ರಶ್ನೆ ಆಧುನಿಕ ಮಹಾಯುದ್ಧಗಳ ಅನಂತರ ಲಕ್ಷಾಂತರ ಕುಟುಂಬಗಳನ್ನು ಬಾಧಿಸಿತು. ಯುದ್ಧದಲ್ಲಿ ಮಗನು ಮಡಿದನೆಂಬ ವಾರ್ತೆ ದುಃಖಕರವಾದುದು. ಆದರೆ ‘ಕಾಣೆಯಾಗಿದ್ದಾನೆ’ ಎಂಬ ಒಂದು ಮಾತಿನ ವಾರ್ತೆ ಅದಕ್ಕಿಂತಲೂ ದಾರುಣವಾದುದು. ಅಳುವುದಕ್ಕೂ ಅದು ಅವಕಾಶ ಕೊಡದು, ಆಸೆಯನ್ನು ಬಿಡುವುದಕ್ಕೂ ಬಿಡದು. ಸಂಸ್ಕಾರ ಮಾಡಲು ದೇಹವಿಲ್ಲ, ಹೂವಿಡಲು ಸಮಾಧಿಯಿಲ್ಲ. ಇಂತಹ ಯೋಧರ ಅವಶೇಷಗಳನ್ನು ದಶಕಗಳ ಅನಂತರವೂ ಹುಡುಕಿ, ಅವರು ಯಾರೆಂದು ಗುರುತಿಸಿ, ಅವರ ಹೆಸರನ್ನು ಅವರಿಗೆ ಮರಳಿಸುವ ಕಾರ್ಯವು ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಇತಿಹಾಸ, ಪುರಾತತ್ತ್ವ, ಶರೀರರಚನಾಶಾಸ್ತ್ರ, ವಂಶವಾಹಿ ವಿಜ್ಞಾನ ಇವೆಲ್ಲವೂ ಅದರಲ್ಲಿ ಕೈಜೋಡಿಸಿವೆ. ಆ ಕಾರ್ಯದ ಸ್ವರೂಪವನ್ನು ಅರಿಯಲು ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿರುವ ಫ್ರೊಮೆಲ್ ಎಂಬ ಚಿಕ್ಕ ಗ್ರಾಮದ ವೃತ್ತಾಂತವನ್ನು ನೋಡೋಣ. ಅದರ ಮೂಲದಲ್ಲಿ ಒಬ್ಬ ಶಾಲಾ ಉಪಾಧ್ಯಾಯರಿರುವುದು ನಮಗೆ ವಿಶೇಷ ಸಂತೋಷದ ಸಂಗತಿ.

ಒಂದು ರಾತ್ರಿಯ ಕಾಳಗ

ಅದು ಮೊದಲನೆಯ ಮಹಾಯುದ್ಧದ ಕಾಲ. 1916ರ ಜುಲೈ ತಿಂಗಳಿನಲ್ಲಿ ಸೋಮ್ ನದಿಯ ತೀರದಲ್ಲಿ ಘೋರ ಯುದ್ಧ ನಡೆಯುತ್ತಿತ್ತು. ಜರ್ಮನರು ಉತ್ತರದಿಂದ ಅಲ್ಲಿಗೆ ಹೆಚ್ಚಿನ ಸೈನ್ಯವನ್ನು ಕಳುಹಿಸದಂತೆ ತಡೆಯಲು ಫ್ರೊಮೆಲ್‌ನಲ್ಲಿ ಒಂದು ದಾಳಿಯನ್ನು ಯೋಜಿಸಲಾಯಿತು. ಆಸ್ಟ್ರೇಲಿಯದ 5ನೆಯ ಡಿವಿಜನ್ ಮತ್ತು ಬ್ರಿಟನ್ನಿನ 61ನೆಯ ಡಿವಿಜನ್ ಅದರಲ್ಲಿ ಭಾಗವಹಿಸಿದವು. ಜುಲೈ 19ರ ಸಂಜೆ ಆರಂಭವಾದ ಆ ದಾಳಿ ಮರುದಿನ ಬೆಳಗಾಗುವಷ್ಟರಲ್ಲಿ ಸಂಪೂರ್ಣವಾಗಿ ವಿಫಲವಾಯಿತು. ಆಸ್ಟ್ರೇಲಿಯದ ಕಡೆಯಲ್ಲಿಯೇ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 5,500ಕ್ಕೂ ಹೆಚ್ಚು ಮಂದಿ ನಷ್ಟವಾದರು. ಬ್ರಿಟಿಷರ ಕಡೆಯ ನಷ್ಟ 1,500ನ್ನು ಮೀರಿತು.

ಜರ್ಮನರ ಸಾಲಿನೊಳಗೆ ನುಗ್ಗಿ ಅಲ್ಲಿಯೇ ಮಡಿದವರ ದೇಹಗಳು ಶತ್ರುವಿನ ವಶದಲ್ಲಿ ಉಳಿದವು. ಬೇಸಿಗೆಯ ದಿನಗಳಾದುದರಿಂದ ರೋಗ ಹರಡೀತೆಂಬ ಭಯವಿತ್ತು. ಫೆಸೆಂಟ್ ವುಡ್ ಎಂಬ ತೋಪಿನ ಅಂಚಿನಲ್ಲಿ ಜರ್ಮನರು ಎಂಟು ಉದ್ದನೆಯ ಗುಂಡಿಗಳನ್ನು ತೋಡಿ ಶವಗಳನ್ನು ಹೂಳಿದರು. ಯುದ್ಧ ಮುಗಿದ ಮೇಲೆ ರಣರಂಗದ ಸಮಾಧಿಗಳನ್ನು ಒಂದೆಡೆ ಸೇರಿಸುವ ಕೆಲಸ ನಡೆದರೂ ಈ ಗುಂಡಿಗಳು ಯಾರ ಕಣ್ಣಿಗೂ ಬೀಳಲಿಲ್ಲ. ಅವುಗಳ ಮೇಲೆ ಹುಲ್ಲು ಬೆಳೆಯಿತು.

ಆ ಕಾಲದ ಸೈನಿಕರ ಕೊರಳಿನಲ್ಲಿ ಗುರುತಿನ ಬಿಲ್ಲೆ ಇರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇರುತ್ತಿತ್ತು, ಆದರೆ ಒಂದೇ ಇರುತ್ತಿತ್ತು. ಮರಣದ ವರದಿಗಾಗಿ ಅದನ್ನು ತೆಗೆದುಕೊಂಡರೆ ದೇಹವು ಹೆಸರಿಲ್ಲದ್ದಾಗುತ್ತಿತ್ತು. ಈ ದೋಷವನ್ನರಿತು ಬ್ರಿಟಿಷ್ ಸೈನ್ಯವು 1916ರ ಸೆಪ್ಟೆಂಬರಿನಲ್ಲಿ ಎರಡು ಬಿಲ್ಲೆಗಳ ಪದ್ಧತಿಯನ್ನು ಜಾರಿಗೆ ತಂದಿತು. ಒಂದು ವರದಿಗೆ, ಇನ್ನೊಂದು ದೇಹದೊಡನೆ ಉಳಿಯುವುದಕ್ಕೆ. ಫ್ರೊಮೆಲ್‌ನಲ್ಲಿ ಮಡಿದವರಿಗೆ ಆ ವ್ಯವಸ್ಥೆ ಎರಡು ತಿಂಗಳು ತಡವಾಗಿ ಬಂದಿತು.

ಉಪಾಧ್ಯಾಯರ ಲೆಕ್ಕ

ಮೆಲ್ಬರ್ನ್ ನಗರದ ಲ್ಯಾಂಬಿಸ್ ಎಂಗ್ಲೆಜೊಸ್ ಎಂಬವರು ಇತಿಹಾಸದಲ್ಲಿ ಆಸಕ್ತಿಯುಳ್ಳ ಒಬ್ಬ ಶಾಲಾ ಉಪಾಧ್ಯಾಯರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅವರು ಒಂದು ಸರಳವಾದ ಲೆಕ್ಕವನ್ನು ಹಾಕತೊಡಗಿದರು. ಫ್ರೊಮೆಲ್‌ನಲ್ಲಿ ಕಾಣೆಯಾದವರೆಂದು ದಾಖಲಾದವರು ಇಷ್ಟು, ಸುತ್ತಮುತ್ತಲಿನ ಸಮಾಧಿಭೂಮಿಗಳಲ್ಲಿ ಹೆಸರಿಲ್ಲದೆ ಮಲಗಿರುವವರು ಇಷ್ಟು. ಎರಡು ಸಂಖ್ಯೆಗಳೂ ಹೊಂದಬೇಕಷ್ಟೆ? ಹೊಂದಲಿಲ್ಲ. ನೂರಕ್ಕೂ ಮಿಗಿಲಾದ ಯೋಧರು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಹಾಗಾದರೆ ಅವರು ಎಲ್ಲಿ?

ಅಧಿಕಾರಿಗಳು ಈ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಯುದ್ಧಾನಂತರದ ಶೋಧದಲ್ಲಿ ಸಿಗದ ಸಮಾಧಿ ಈಗ ಸಿಗುವುದು ಹೇಗೆ ಎಂಬುದು ಅವರ ಸಂದೇಹ. 2005ರಲ್ಲಿ ಆಸ್ಟ್ರೇಲಿಯದಲ್ಲಿ ತಜ್ಞರ ಸಮಿತಿಯೊಂದು ವಿಷಯವನ್ನು ಪರಿಶೀಲಿಸಿ, ಇನ್ನೂ ಬಲವಾದ ಆಧಾರ ಬೇಕೆಂದಿತು. ಉಪಾಧ್ಯಾಯರೂ ಅವರ ಮಿತ್ರರೂ ಎದೆಗುಂದಲಿಲ್ಲ. ಆಧಾರಗಳು ಒಂದೊಂದಾಗಿ ಒದಗಿಬಂದವು. ರೆಡ್‌ಕ್ರಾಸ್ ಸಂಸ್ಥೆಯ ಹಳೆಯ ಕಡತಗಳಲ್ಲಿ ಕೆಲವು ಯೋಧರನ್ನು ಫ್ರೊಮೆಲ್‌ನ ಸಮೀಪದಲ್ಲಿ ಜರ್ಮನರು ಹೂಳಿದ್ದರೆಂಬ ಸೂಚನೆಯಿತ್ತು. ಮಡಿದವರ ಬಿಲ್ಲೆಗಳನ್ನೂ ಸಾಮಾನುಗಳನ್ನೂ ಆಯ್ದು ರೆಡ್‌ಕ್ರಾಸ್ ಮೂಲಕ ಕಳುಹಿಸಿದವರೂ ಜರ್ಮನರೇ. ಯುದ್ಧಕಾಲದಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳಲ್ಲಿ ತೋಪಿನ ಅಂಚಿನಲ್ಲಿ ಹೊಸದಾಗಿ ತೋಡಿದ ಗುಂಡಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕೊನೆಗೆ ಬವೇರಿಯದ ಸೇನಾ ದಾಖಲೆಗಳಲ್ಲಿ 1916ರ ಜುಲೈ 21ರ ಒಂದು ಆಜ್ಞೆಯೇ ದೊರೆಯಿತು. ಸುಮಾರು 400 ಶವಗಳಿಗಾಗಿ ಆ ತೋಪಿನ ದಕ್ಷಿಣಕ್ಕೆ ಸಾಮೂಹಿಕ ಗುಂಡಿಗಳನ್ನು ತೋಡಬೇಕೆಂದು ಅದರಲ್ಲಿತ್ತು.

ಇದರಿಂದ ನಾವು ಕಲಿಯುವುದೇನೆಂದರೆ, ಅವಶೇಷಗಳ ಶೋಧವು ಆರಂಭವಾಗುವುದು ಕಾಗದಗಳ ನಡುವೆ. ಗುದ್ದಲಿಯ ಸರದಿ ಬರುವುದು ಅದಾದ ಮೇಲೆ.

ಮಣ್ಣಿನ ಸಾಕ್ಷ್ಯ

2007ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಪುರಾತತ್ತ್ವ ತಜ್ಞರು ಭೂಮಿಯನ್ನು ಅಗೆಯದೆಯೇ ಉಪಕರಣಗಳಿಂದ ಪರೀಕ್ಷಿಸಿದರು. ಆಸ್ಟ್ರೇಲಿಯದ ಸೈನಿಕರಿಗೆ ಸೇರಿದ ಪದಕದಂತಹ ವಸ್ತುಗಳು ಆಗ ಮೇಲ್ಮಣ್ಣಿನಲ್ಲಿಯೇ ಸಿಕ್ಕವು. 2008ರಲ್ಲಿ ಪರೀಕ್ಷಾರ್ಥವಾಗಿ ಅಗೆದಾಗ ಅಸ್ಥಿಗಳು ಕಂಡುಬಂದವು. ಲೆಕ್ಕ ಹಾಕಿದ ಉಪಾಧ್ಯಾಯರ ಮಾತು ನಿಜವಾಯಿತು. 2009ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಪೂರ್ಣಪ್ರಮಾಣದ ಉತ್ಖನನ ನಡೆದು 250 ಯೋಧರ ಅವಶೇಷಗಳನ್ನು ಹೊರತೆಗೆಯಲಾಯಿತು.

ಇಂತಹ ಉತ್ಖನನದಲ್ಲಿ ಆತುರಕ್ಕೆ ಎಡೆಯಿಲ್ಲ. ಒಬ್ಬನ ಅಸ್ಥಿ ಇನ್ನೊಬ್ಬನದರೊಡನೆ ಬೆರೆಯಬಾರದು. ಪ್ರತಿಯೊಂದು ಗುಂಡಿಯೂ, ಗೆಜ್ಜೆಗಾತ್ರದ ಲೋಹದ ಚೂರೂ ಯಾವ ದೇಹದ ಯಾವ ಭಾಗದಲ್ಲಿತ್ತೆಂಬುದನ್ನು ಬರೆದಿಡಬೇಕು. ಕೆಲಸಗಾರರು ಮೈಮುಚ್ಚುವ ಉಡುಪನ್ನೂ ಕೈಗವಸುಗಳನ್ನೂ ಧರಿಸಬೇಕು. ಅವರ ಬೆವರು ಅಥವಾ ಕೂದಲು ತಗುಲಿದರೆ ಮುಂದಿನ ಪರೀಕ್ಷೆ ದಾರಿತಪ್ಪುತ್ತದೆ. ಫ್ರೊಮೆಲ್‌ನಲ್ಲಿ ಸಾವಿರಾರು ಸಣ್ಣ ವಸ್ತುಗಳು ದೊರೆತವು. ಅವುಗಳಲ್ಲಿ ಒಂದು ಆಸ್ಟ್ರೇಲಿಯದ ಫ್ರಿಮ್ಯಾಂಟಲ್ ಮತ್ತು ಪರ್ತ್ ಊರುಗಳ ನಡುವಣ ರೈಲಿನ ಟಿಕೀಟು. ಮರುಪ್ರಯಾಣದ ಅರ್ಧ ಭಾಗ ಮಾತ್ರ ಉಳಿದಿತ್ತು. ಊರಿಗೆ ಮರಳಿದಾಗ ಬಳಸಬೇಕೆಂದು ಯಾವನೋ ತರುಣ ಅದನ್ನು ಜೋಪಾನವಾಗಿ ಇರಿಸಿಕೊಂಡಿದ್ದನು.

ಅಸ್ಥಿಗಳೂ ಮಾತನಾಡುತ್ತವೆ. ತೊಡೆಯ ಮೂಳೆಯ ಉದ್ದದಿಂದ ಮನುಷ್ಯನ ಎತ್ತರವನ್ನು ಅಂದಾಜು ಮಾಡಬಹುದು. ಮೂಳೆಗಳ ತುದಿಗಳು ಕೂಡಿಕೊಂಡಿರುವ ರೀತಿಯಿಂದ, ಹಲ್ಲುಗಳ ಬೆಳವಣಿಗೆಯಿಂದ ವಯಸ್ಸನ್ನು ತಿಳಿಯಬಹುದು. ಬಾಲ್ಯದಲ್ಲಿ ಕೈ ಮುರಿದು ಕೂಡಿಕೊಂಡಿದ್ದರೆ ಅದರ ಗುರುತು ಉಳಿದಿರುತ್ತದೆ. ಸೈನ್ಯಕ್ಕೆ ಸೇರಿದಾಗ ಬರೆದ ಪತ್ರದಲ್ಲಿ ಎತ್ತರ, ವಯಸ್ಸು, ಹಲ್ಲಿನ ಸ್ಥಿತಿ ನಮೂದಾಗಿರುವುದರಿಂದ ಎರಡನ್ನೂ ಹೋಲಿಸಿ ನೋಡಬಹುದು. ಆದರೂ ಒಂದೇ ಎತ್ತರದ, ಒಂದೇ ವಯಸ್ಸಿನ ತರುಣರು ಒಂದೇ ದಳದಲ್ಲಿ ನೂರಾರು ಮಂದಿ ಇರುತ್ತಾರೆ. ಮೂಳೆಯ ಸಾಕ್ಷ್ಯವು ಕ್ಷೇತ್ರವನ್ನು ಕಿರಿದುಮಾಡುತ್ತದೆ. ಹೆಸರನ್ನು ಹೇಳುವುದು ಅಪರೂಪ.

ರಕ್ತಸಂಬಂಧದ ಸಾಕ್ಷ್ಯ

ಇಲ್ಲಿ ಡಿ.ಎನ್.ಎ. ಎಂಬ ವಂಶದ್ರವ್ಯವು ನೆರವಿಗೆ ಬರುತ್ತದೆ. ಹಲ್ಲಿನ ಗಟ್ಟಿಯಾದ ಹೊದಿಕೆಯೊಳಗೆ ಅದು ಬಹುಕಾಲ ಉಳಿಯಬಲ್ಲದು. ಆದುದರಿಂದ ಪರೀಕ್ಷೆಗೆ ಹಲ್ಲುಗಳನ್ನು ವಿಶೇಷವಾಗಿ ಆರಿಸುತ್ತಾರೆ. ಈ ವಂಶದ್ರವ್ಯದಲ್ಲಿ ಎರಡು ಭಾಗಗಳು ಈ ಕೆಲಸಕ್ಕೆ ಬಹಳ ಉಪಯುಕ್ತವಾಗಿವೆ. ಒಂದು ತಂದೆಯಿಂದ ಮಗನಿಗೆ ಮಾತ್ರ ಇಳಿದುಬರುವ ವೈ ವರ್ಣತಂತು. ಇನ್ನೊಂದು ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಮೈಟೊಕಾಂಡ್ರಿಯದ ವಂಶದ್ರವ್ಯ. ಎರಡನೆಯದರ ಪ್ರತಿಗಳು ಒಂದೊಂದು ಜೀವಕೋಶದಲ್ಲಿಯೂ ನೂರಾರು ಇರುವುದರಿಂದ ಹಳೆಯ ಅಸ್ಥಿಗಳಲ್ಲಿಯೂ ಅದು ದೊರೆಯುವ ಸಂಭವ ಹೆಚ್ಚು.

ಇದರ ಪರಿಣಾಮವು ಸ್ವಾರಸ್ಯಕರವಾಗಿದೆ. ಮಡಿದ ಯೋಧನು ಅವಿವಾಹಿತನಾಗಿದ್ದರೂ ಚಿಂತೆಯಿಲ್ಲ. ಅವನ ಸೋದರನ ಮೊಮ್ಮಗನು ಗಂಡುಸಂತತಿಯಲ್ಲಿ ಬಂದವನಾದರೆ ವೈ ವರ್ಣತಂತುವಿಗೆ ಸಾಕ್ಷಿ. ಅವನ ಸೋದರಿಯ ಮಗಳ ಮಗಳು ತಾಯಿಯ ಕಡೆಯ ವಂಶದ್ರವ್ಯಕ್ಕೆ ಸಾಕ್ಷಿ. ಆದರೆ ಯೋಧನಿಗೆ ಸ್ವಂತ ಮಕ್ಕಳಿದ್ದರೂ ಅವರು ಅವನ ಮೈಟೊಕಾಂಡ್ರಿಯದ ವಂಶದ್ರವ್ಯವನ್ನು ಪಡೆದಿರುವುದಿಲ್ಲ. ಅವರಿಗೆ ಬಂದಿರುವುದು ಅವರ ತಾಯಿಯದು. ಆದುದರಿಂದ ಸಂಶೋಧಕರು ವಂಶವೃಕ್ಷಗಳನ್ನು ಬರೆದು, ಎಲ್ಲೆಲ್ಲಿಯೋ ಚದುರಿರುವ ದೂರದ ಬಂಧುಗಳನ್ನು ಹುಡುಕಿ ಅವರಿಂದ ಮಾದರಿಯನ್ನು ಪಡೆಯಬೇಕಾಗುತ್ತದೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿಕೊಂಡರೆ ಸಾಕು.

ಯಾವ ಒಂದು ಸಾಕ್ಷ್ಯವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ದಾಖಲೆ, ಅಸ್ಥಿ, ವಸ್ತು, ವಂಶದ್ರವ್ಯ ಇವೆಲ್ಲವನ್ನೂ ಒಂದು ಮಂಡಲಿಯ ಮುಂದಿಟ್ಟು, ಎಲ್ಲವೂ ಒಂದೇ ಹೆಸರಿನತ್ತ ಬೊಟ್ಟುಮಾಡಿದಾಗ ಮಾತ್ರ ಆ ಹೆಸರನ್ನು ಘೋಷಿಸುತ್ತಾರೆ. ತಪ್ಪು ಹೆಸರನ್ನು ಕೊಡುವುದು ಹೆಸರನ್ನು ಕೊಡದಿರುವುದಕ್ಕಿಂತ ದೊಡ್ಡ ಅಪರಾಧ. ಅದು ಎರಡು ಕುಟುಂಬಗಳಿಗೆ ಮಾಡುವ ಅನ್ಯಾಯ.

2010ರ ಮಾರ್ಚ್ ತಿಂಗಳಿನಲ್ಲಿ ಮೊದಲ 75 ಹೆಸರುಗಳು ಪ್ರಕಟವಾದವು. ಯೋಧರಿಗಾಗಿ ಹೊಸದೊಂದು ಸಮಾಧಿಭೂಮಿಯನ್ನು ನಿರ್ಮಿಸಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಮಣ್ಣು ಮಾಡಲಾಯಿತು. 250ನೆಯವನ ಸಂಸ್ಕಾರವು ಕಾಳಗದ ದಿನವೇ, 2010ರ ಜುಲೈ 19ರಂದು ನೆರವೇರಿತು. ಅಲ್ಲಿಗೆ ಕಾರ್ಯ ನಿಲ್ಲಲಿಲ್ಲ. ಹೊಸ ಬಂಧುಗಳು ಮುಂದೆ ಬಂದಂತೆಲ್ಲ ಹೊಸ ಹೆಸರುಗಳು ಸೇರುತ್ತ ಹೋದವು. ಹೆಸರು ಪಡೆದವರ ಸಂಖ್ಯೆ 170ನ್ನು ಮೀರಿದೆ. ಹೆಸರು ದೊರೆತಾಗ ಅನಾಮಿಕ ಶಿಲೆಯನ್ನು ತೆಗೆದು, ಹೆಸರು ಕೆತ್ತಿದ ಶಿಲೆಯನ್ನು ನಿಲ್ಲಿಸುತ್ತಾರೆ.

ನಮ್ಮ ಯೋಧರು

ಫ್ರೊಮೆಲ್‌ನಿಂದ ಕೆಲವೇ ಮೈಲಿಗಳ ದೂರದಲ್ಲಿ ನವ್ ಶಪೆಲ್ ಎಂಬ ಊರಿದೆ. 1914 ಮತ್ತು 1915ರಲ್ಲಿ ಭಾರತದ ಸೈನಿಕರು ಆ ಚಳಿಯ ಕೆಸರಿನಲ್ಲಿ ಹೋರಾಡಿದರು. ಅಲ್ಲಿರುವ ಭಾರತೀಯ ಸ್ಮಾರಕದಲ್ಲಿ ಸಮಾಧಿಯ ಸುಳಿವಿಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. 2016ರಲ್ಲಿ ಹತ್ತಿರದ ರಿಶ್‌ಬೂರ್ ಗ್ರಾಮದಲ್ಲಿ ಕಾಲುವೆಯನ್ನು ಅಗಲ ಮಾಡುವಾಗ ಇಬ್ಬರು ಭಾರತೀಯ ಯೋಧರ ಅವಶೇಷಗಳು ಸಿಕ್ಕವು. ಭುಜದ ಲಾಂಛನದ ಮೇಲಿದ್ದ 39 ಎಂಬ ಅಂಕೆಯಿಂದ ಅವರು ಗಢವಾಲ್ ರೈಫಲ್ಸ್‌ನವರೆಂದು ತಿಳಿದುಬಂದಿತು. 2017ರ ನವೆಂಬರಿನಲ್ಲಿ ಲಾವಂತಿಯ ಸೈನಿಕ ಸಮಾಧಿಭೂಮಿಯಲ್ಲಿ ಅವರಿಗೆ ಗೌರವಪೂರ್ವಕವಾಗಿ ಅಂತ್ಯಸಂಸ್ಕಾರ ನಡೆಯಿತು. ದಳದ ಹೆಸರು ಸಿಕ್ಕಿತು, ಅವರ ಹೆಸರು ಸಿಗಲಿಲ್ಲ. ಸ್ಮಾರಕದ ಗೋಡೆಯ ಮೇಲಿನ ಗಢವಾಲಿ ಹೆಸರುಗಳಲ್ಲಿ ಅವರ ಹೆಸರುಗಳೂ ಇರಬಹುದು. ಆದರೆ ಯಾವ ಹೆಸರು ಯಾರದೆಂದು ಹೇಳುವವರಿಲ್ಲ. ಬೆಟ್ಟದ ಯಾವ ಹಳ್ಳಿಯ ಯಾವ ಮನೆಯಲ್ಲಿ ಅವರ ತಾಯಂದಿರು ಕಾದರೋ!

ಇನ್ನೊಂದು ಉದಾಹರಣೆ ನಮ್ಮ ಹಿಮಾಲಯದ್ದು. 1984ರಲ್ಲಿ ಸಿಯಾಚಿನ್ ಹಿಮಪ್ರದೇಶದಲ್ಲಿ ಹಿಮಪಾತಕ್ಕೆ ಸಿಲುಕಿ ಕಾಣೆಯಾಗಿದ್ದ ಕುಮಾವೂನ್ ರೆಜಿಮೆಂಟಿನ ಯೋಧರೊಬ್ಬರ ಅವಶೇಷಗಳು 38 ವರ್ಷಗಳ ಅನಂತರ, 2022ರ ಆಗಸ್ಟಿನಲ್ಲಿ ದೊರೆತವು. ಸೇನಾ ಸಂಖ್ಯೆಯನ್ನು ಕೆತ್ತಿದ್ದ ಲೋಹದ ಬಿಲ್ಲೆ ದೇಹದೊಡನೆಯೇ ಇದ್ದುದರಿಂದ ಅವರು ಯಾರೆಂಬುದು ತಿಳಿಯಿತು. ಅವರನ್ನು ಊರಿಗೆ ಕರೆತಂದು ಸಂಸ್ಕಾರ ಮಾಡಲಾಯಿತು. ಫ್ರೊಮೆಲ್‌ನಲ್ಲಿ ವಿಜ್ಞಾನಿಗಳ ಸಮೂಹವೇ ವರ್ಷಗಟ್ಟಲೆ ದುಡಿದು ತಿಳಿದುದನ್ನು ಇಲ್ಲಿ ಅಂಗೈಯಗಲವೂ ಇಲ್ಲದ ಒಂದು ಬಿಲ್ಲೆ ತಿಳಿಸಿತು.

ಮಡಿದವರಿಗಾಗಿ ಇಷ್ಟು ಶ್ರಮವೂ ಹಣವೂ ಏಕೆ, ಬದುಕಿರುವವರಿಗೆ ಅದನ್ನು ಬಳಸಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಲ್ಲಗಳೆಯತಕ್ಕುದಲ್ಲ. ಆದರೆ ಹೋಗು ಎಂದು ಕಳುಹಿಸಿದ ಸಮಾಜವು, ಹೋದವನು ಎಲ್ಲಿ ಎಂದು ಕೇಳುವ ಹೊಣೆಯನ್ನೂ ಹೊತ್ತಿರುತ್ತದೆ. ತನ್ನನ್ನು ಹುಡುಕುವವರಿದ್ದಾರೆ ಎಂಬ ಭರವಸೆಯು ಇಂದು ಗಡಿಯಲ್ಲಿ ನಿಂತಿರುವವನಿಗೂ ಬೇಕು. ಹೀಗೆ ನೋಡಿದರೆ ಈ ಕಾರ್ಯವು ಬದುಕಿರುವವರ ಸೇವೆಯೂ ಆಗಿದೆ.

ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದ ಅಂಶವೊಂದಿದೆ. ಫ್ರೊಮೆಲ್‌ನ ಯೋಧರಿಗೆ ಹೆಸರು ಮರಳಿದುದು ಪ್ರಯೋಗಶಾಲೆಯಿಂದ ಮಾತ್ರವಲ್ಲ. ಯಾರೋ ಗುಮಾಸ್ತರು ಸರಿಯಾಗಿ ಬರೆದಿಟ್ಟ ಕಡತ, ಯಾವುದೋ ಮನೆಯವರು ಎಸೆಯದೆ ಉಳಿಸಿದ ಪತ್ರ, ಅಜ್ಜಿಯ ಅಣ್ಣನ ಹೆಸರನ್ನು ಮರೆಯದ ಮೊಮ್ಮಗಳು, ಲೆಕ್ಕ ಹೊಂದದಿದ್ದಾಗ ಸುಮ್ಮನಾಗದ ಒಬ್ಬ ಉಪಾಧ್ಯಾಯರು, ಇವರೆಲ್ಲರೂ ಸೇರಿ ಅದನ್ನು ಸಾಧಿಸಿದರು. ನಮ್ಮ ಮನೆಗಳಲ್ಲಿಯೂ ಸೈನ್ಯಕ್ಕೆ ಹೋದ ಹಿರಿಯರಿದ್ದರೆ ಅವರ ಹೆಸರು, ದಳ, ಸೇವೆಯ ವರ್ಷಗಳನ್ನು ಹಿರಿಯರ ಬಾಯಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡೋಣ. ಊರ ಮುಂದಿನ ವೀರಗಲ್ಲಿನಲ್ಲಿ ಅಕ್ಷರಗಳಿದ್ದರೆ ಅವು ಸವೆಯುವ ಮೊದಲು ಓದಿಸಿ ಬರೆದುಕೊಳ್ಳೋಣ.

ಎಂದೋ ಒಂದು ದಿನ ಯಾರೋ ಒಬ್ಬರು ‘ಇವನು ಯಾರು?’ ಎಂದು ಕೇಳುವರು. ಆಗ ಉತ್ತರ ಹೇಳಲು ಒಂದು ಹಾಳೆಯಾದರೂ ಉಳಿದಿರಲಿ.