ತಂತಿಯೂ ಮತಪೆಟ್ಟಿಗೆಯೂ

ಅಂತರಜಾಲವು ಮನೆಮನೆಗೆ ಬಂದ ಮೇಲೆ ಜನರ ಮತ ಎತ್ತ ವಾಲುತ್ತದೆ? ಈ ಪ್ರಶ್ನೆಗೆ ಇಟಲಿ ದೇಶದ ಅನುಭವ ನೀಡುವ ಉತ್ತರವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಸಮಾಜವನ್ನು ಪ್ರಾಮಾಣಿಕ ಜನತೆ, ಭ್ರಷ್ಟ ಪ್ರಭುವರ್ಗ ಎಂದು ಎರಡಾಗಿ ಸೀಳಿ, ಜನತೆಯ ದನಿ ತಾನೊಂದೇ ಎಂದು ಸಾರುವ ಪಕ್ಷವನ್ನು ‘ಪಾಪ್ಯುಲಿಸ್ಟ್’ ಎನ್ನುವುದು ವಾಡಿಕೆ. ಆ ಅರ್ಥದಲ್ಲೇ ಈ ಮಾತನ್ನು ಬಳಸುತ್ತೇನೆ.

ಇಟಲಿಯಲ್ಲಿ ವೇಗದ ಅಂತರಜಾಲ ಹರಡಿದ್ದು ಹಳೆಯ ದೂರವಾಣಿಯ ತಂತಿಗಳ ಮೂಲಕ. ದೂರವಾಣಿಯ ಮುಖ್ಯ ಕೇಂದ್ರಕ್ಕೆ ಸಮೀಪವಿದ್ದ ಊರಿಗೆ ಅದು ಬೇಗ ದಕ್ಕಿತು. ದೂರದ ಊರು ಕಾಯಬೇಕಾಯಿತು. ಆ ಕೇಂದ್ರಗಳನ್ನು ಕಟ್ಟಿದ್ದು ಬರಿಯ ಮಾತುಕತೆಯ ಅನುಕೂಲಕ್ಕಾಗಿ, ರಾಜಕೀಯಕ್ಕಾಗಿ ಅಲ್ಲ. ಆದುದರಿಂದ ಊರೂರುಗಳನ್ನು ಹೋಲಿಸಿ ಅಂತರಜಾಲದ ಪ್ರಭಾವವನ್ನಷ್ಟೇ ಬೇರ್ಪಡಿಸಿ ನೋಡಲು ಕಂಪಾಂಟೆ, ದುರಾಂಟೆ, ಸೊಬ್ರಿಯೊ ಎಂಬ ವಿದ್ವಾಂಸರಿಗೆ ಸಾಧ್ಯವಾಯಿತು.

ಅವರು ಕಂಡದ್ದೇನು? 2008ರ ಚುನಾವಣೆಯವರೆಗೆ, ಅಂತರಜಾಲ ಬಂದೆಡೆ ಮತದಾನವೇ ಇಳಿಯಿತು. ಬೇಸತ್ತವರು ಬಂಡೇಳಲಿಲ್ಲ, ಮತಗಟ್ಟೆಗೆ ಬೆನ್ನು ತಿರುಗಿಸಿದರು. 2009ರಲ್ಲಿ ಹಾಸ್ಯನಟ ಬೆಪ್ಪೆ ಗ್ರಿಲ್ಲೊ, ಜಾನ್‌ರೊಬೆರ್ತೊ ಕಸಲೆಜ್ಜೊ ಅವರೊಡನೆ ‘ಪಂಚತಾರಾ ಚಳವಳಿ’ಯನ್ನು ಸ್ಥಾಪಿಸಿದರು. ಅದು ಬೆಳೆದದ್ದೇ ಅಂತರಜಾಲದಲ್ಲಿ. 2013ರಲ್ಲಿ ಕೆಳಮನೆಯ ಮತಗಳಲ್ಲಿ ಸುಮಾರು ಕಾಲು ಭಾಗ ಅದರ ಪಾಲಾಯಿತು. ಹಿಂದಿನ ಇಳಿತವೂ ಅಂದಿಗೆ ತಿರುಗಿತು. ನನಗೆ ತೋರುವಂತೆ ತಂತಿ ಪಕ್ಷವನ್ನು ಹುಟ್ಟಿಸಲಿಲ್ಲ. ಹಳೆಯ ಪಕ್ಷಗಳು ಕಳೆದುಕೊಂಡವರನ್ನು ಒಟ್ಟುಗೂಡಿಸಲು ದಾರಿಮಾಡಿಕೊಟ್ಟಿತು.

ಹಾಗಾದರೆ ಇದೆಲ್ಲ ಸುಳ್ಳಿನ ಮಹಿಮೆಯೆ? ಹಾಗೆನ್ನಲಾಗದು. ಗುರಿಯೆವ್, ಮೆಲ್ನಿಕೊವ್, ಝುರಾವ್‌ಸ್ಕಾಯ 2021ರಲ್ಲಿ ಪ್ರಕಟಿಸಿದ ಅಧ್ಯಯನ 116 ದೇಶಗಳನ್ನು ಒಳಗೊಂಡಿದೆ. ಮೊಬೈಲ್ ಅಂತರಜಾಲ ಹಬ್ಬಿದಂತೆ ಸರಕಾರದ ಮೇಲಿನ ವಿಶ್ವಾಸ ಕುಗ್ಗಿತು. ಆದರೆ ಅಂತರಜಾಲಕ್ಕೆ ಕಡಿವಾಣವಿದ್ದೆಡೆ ಹಾಗಾಗಲಿಲ್ಲ. ನಿಜವಾಗಿ ನಡೆದ ಭ್ರಷ್ಟಾಚಾರವೂ ಅದರಿಂದ ಜನರ ಕಣ್ಣಿಗೆ ಬಿದ್ದಿತು. ಯುರೋಪಿನಲ್ಲಿ ಆಳುವ ಪಕ್ಷ ಕಳೆದುಕೊಂಡದ್ದರ ಲಾಭ ಸಿಕ್ಕಿದ್ದು ಪಾಪ್ಯುಲಿಸ್ಟ್ ವಿರೋಧಪಕ್ಷಗಳಿಗೆ, ಉಳಿದ ವಿರೋಧಿಗಳಿಗಲ್ಲ. ಯೋಚಿಸಬೇಕಾದುದು ಇಲ್ಲಿಯೇ: ಸತ್ಯ ಬಯಲಾದ ಮಾತ್ರಕ್ಕೆ ಅದರ ಫಲ ವಿವೇಕಿಗಳ ಕೈಸೇರುವುದೆಂಬ ನಿಯಮವಿಲ್ಲ.

ಪಂಚತಾರಾ ಚಳವಳಿ 2018ರಲ್ಲಿ ಅತಿದೊಡ್ಡ ಪಕ್ಷವಾಗಿ ಅಧಿಕಾರಕ್ಕೇರಿತು. 2022ರಲ್ಲಿ ಅದರ ಪಾಲು ಶೇಕಡಾ 15ರಷ್ಟಕ್ಕೆ ಇಳಿಯಿತು. ದೂರುವವರನ್ನು ಒಂದುಗೂಡಿಸುವುದು ಬೇಗ ಆಗುವ ಕೆಲಸ. ಅವರ ನಂಬಿಕೆಯನ್ನು ಉಳಿಸಿಕೊಳ್ಳುವುದು ಆಳ್ವಿಕೆಯ ಕೆಲಸ. ಅದಕ್ಕೆ ಯಾವ ತಂತಿಯೂ ನೆರವಾಗದು.